ಸೋಸಿದ ಎಣ್ಣೆ

ನಮ್ಮ ಗಡಹಿಂಗ್ಲಜದ ಮನೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ತಲಬಾಗಿಲು ದಾಟಿದರೆ ಎಡಕ್ಕೇ ಮೆಣಸಿನಕಾಯಿ ಕೋಣೆ. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ ಆ ಕೋಣೆ ತೊಲೆಯವರೆಗೆ ಚೀಲಗಳಿಂದ ತುಂಬಿರುತ್ತಿತ್ತು, ಸುಗ್ಗಿ ಮುಗಿದರೆ ಬರೀ ಘಾಟಿನಿಂದ. ಗೋಡೆಯ ಸುಣ್ಣ ಕೂಡ ಖಾರವಾಗಿತ್ತು. ಚಿಕ್ಕವಳಿದ್ದಾಗ ನೆಕ್ಕಿ ನೋಡಿದ್ದೇನೆ, ಹಾಗಾಗಿ ಖಾತ್ರಿಯಿಂದ ಹೇಳುತ್ತೇನೆ. ಅಂಥ ಕೋಣೆಯೊಳಗೆ ಒಂದು ದಿನ ನನ್ನ ಭರಮು ಕಾಕಾ, ಅಂದರೆ ಅಪ್ಪನ ತಮ್ಮ, ಒಂದು ಗಾಡಿ ತಂದು ನಿಲ್ಲಿಸಿದ. ಅದಕ್ಕೆ ದೀಪವಿರಲಿಲ್ಲ, ಹಾರ್ನ್ ಇರಲಿಲ್ಲ, ನಂಬರ್ ಪ್ಲೇಟು ಇರಲಿಲ್ಲ, ಹಿಂದೆ ಇನ್ನೊಬ್ಬರು ಕೂಡಲು ಜಾಗವೂ ಇರಲಿಲ್ಲ. ಮುಂದಿನ ಮಡ್‌ಗಾರ್ಡು ಮಾತ್ರ ಕೊಕ್ಕರೆಯ ಕೊಕ್ಕಿನ ಹಾಗೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಅಪ್ಪ ಎರಡು ಸಲ ಸೀನಿ ಒಳಗೆ ಹೋದ. ಅಜ್ಜಿ ಸುತ್ತ ತಿರುಗಿ ನೋಡಿದಳು. ಅವಳನ್ನು ಮನೆಯಲ್ಲಿ ಎಲ್ಲರೂ, ಹೆತ್ತ ಮಕ್ಕಳೂ ಸೇರಿ, ಆಯಿ ಅಂತಲೇ ಕರೆಯುತ್ತಿದ್ದೆವು.

"ಇದರ ಉಳಿದ ಸಾಮಾನ ಯಾವಾಗ ಬರ್ತಾವೋ ಭರಮು?"

"ಇಷ್ಟ ಆಯಿ. ಗಾಡಿ ಇಷ್ಟ ಐತಿ."

"ಹಂಗಾರ ಪ್ಯಾಟಿಗೆ ಹೋಗಾಕ ಬರೂದಿಲ್ಲ, ಬಸದಿಗೆ ಹೋಗಾಕ ಬರೂದಿಲ್ಲ. ಮತ್ತ ಎಲ್ಲಿಗೆ ಹೋಗಾಕ ಬರ್ತೈತಿ?"

"ಎಲ್ಲಿಗೂ ಇಲ್ಲ. ಸುತ್ತು ಹಾಕಿ ಹೊಳ್ಳಿ ಅಲ್ಲೇ ಬರೂದು."

ಆಯಿ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. "ಸಂಸಾರದಂಗ ಅನ್ನು" ಎಂದು ಹೇಳಿ ಹೋದಳು.

ಅದು ಮಣ್ಣಿನ ದಿಬ್ಬಗಳ ಮೇಲೆ ಹಾರಿಸುವ ಪಂದ್ಯದ ಗಾಡಿ. ಆಗ ಕೊಲ್ಹಾಪುರದ ಕಡೆ ಮಣ್ಣಿಗೆ ಇಳಿಯುವವರೆಲ್ಲ ಟೂ-ಸ್ಟ್ರೋಕಿನವರು. ಪೆಟ್ರೋಲಿನಲ್ಲೇ ಎಣ್ಣೆ ಕಲೆಸಿ ಕುಡಿಸಿದರೆ ಅವರ ಕೆಲಸ ಮುಗಿಯಿತು, ಎಂಜಿನ್ನು ಹೊಗೆ ಉಗುಳುತ್ತ ಕಿರುಚುತ್ತ ಓಡುತ್ತಿತ್ತು. ಕಾಕಾನದು ಫೋರ್-ಸ್ಟ್ರೋಕ್. ಯಾರೋ ಕೊಲ್ಹಾಪುರದವರು ಹೊರದೇಶದಿಂದ ತರಿಸಿ, ಓಡಿಸಿ, ಕೆಡಿಸಿ, ಬೇಸತ್ತು ಬಿಟ್ಟದ್ದು. ಇದರ ಹೊಟ್ಟೆಯಲ್ಲಿ ಎಣ್ಣೆ ಬೇರೆಯೇ ಇರಬೇಕು. ಅದೂ ಒಂದು ಲೀಟರಿಗೆ ತುಸು ಕಡಿಮೆ. ಅಷ್ಟೇ ಎಣ್ಣೆ ಕೆಳಗಿನಿಂದ ಮೇಲಕ್ಕೆ ಏರಿ, ವಾಲ್ವುಗಳನ್ನು ತೋಯಿಸಿ, ಮತ್ತೆ ಕೆಳಗೆ ಇಳಿದು ಬರಬೇಕು. ಕೆಲವು ತಾಸು ಓಡಿಸಿದರೆ ಸಾಕು, ಆ ಎಣ್ಣೆ ತೆಗೆದು ಹೊಸದು ಹಾಕಬೇಕು. ವಾಲ್ವು ಒತ್ತುವ ಟ್ಯಾಪೆಟ್ಟಿನ ಸಂದನ್ನು ಉಕ್ಕಿನ ತೆಳ್ಳನೆಯ ಪಟ್ಟಿ ತೂರಿಸಿ ಅಳೆಯಬೇಕು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳಬೇಕು. ಯಾವುದು ಮಂಕಾಗಿ ನುಡಿಯಿತೋ ಅದು ಸಡಿಲು. ಅರ್ಧ ತಾಸು ಓಡಿಸಿದ ಗಾಡಿಗೆ ಅರ್ಧ ದಿನದ ಆರೈಕೆ. ನಮ್ಮಪ್ಪ ಹೇಳುತ್ತಿದ್ದ, ಬಾಣಂತಿಗೂ ಇಷ್ಟು ಮಾಡುವುದಿಲ್ಲ ಅಂತ. ಅವ್ವ ಇದನ್ನು ಕೇಳಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಈ ಆರೈಕೆಯಲ್ಲಿ ನನ್ನ ಪಾಲು ದೊಡ್ಡದು. ನನಗೆ ಆಗ ಹನ್ನೆರಡು. ಕೈ ಸಣ್ಣವು, ಕಾಕಾನ ಬೆರಳು ಹೋಗದಲ್ಲಿ ನನ್ನವು ಹೋಗುತ್ತಿದ್ದವು. ಅದಕ್ಕಿಂತ ಮುಖ್ಯ, ನನಗೆ ಚಿಂತೆ ಮಾಡುವ ಕಲೆ ಹುಟ್ಟಿನಿಂದಲೇ ಬಂದಿತ್ತು. ಬಿಚ್ಚಿದ ಬೋಲ್ಟುಗಳನ್ನು ತಾಟಿನಲ್ಲಿ ಇಟ್ಟರೆ ಎಣಿಸಿ, ಮರೆತೆನೇನೋ ಅಂತ ಮತ್ತೆ ಎಣಿಸಿ, ಎಣಿಸುವಾಗ ಒಂದು ಉರುಳಿತೇನೋ ಅಂತ ಮೂರನೆಯ ಸಲ ಎಣಿಸುತ್ತಿದ್ದೆ. ಕಾಕಾನಿಗೆ ಇದು ಬಹಳ ಸೇರಿತು. "ನಮ್ಮ ಪದ್ದಿ ಇದ್ದಲ್ಲಿ ಒಂದ ವಾಶರ್ ಕಳಿಯೂದಿಲ್ಲ" ಎಂದು ಬಂದವರ ಮುಂದೆ ಹೇಳುತ್ತಿದ್ದ. ಶಾಲೆಯಲ್ಲಿ ಯಾವುದನ್ನು ಹೆದರುಪುಕ್ಕಲುತನ ಅನ್ನುತ್ತಿದ್ದರೋ, ಮೆಣಸಿನಕಾಯಿ ಕೋಣೆಯಲ್ಲಿ ಅದೇ ಒಂದು ಗುಣವಾಗಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಎಂಜಿನ್ನಿಗೆ ಈ ನೇಮ ಗೊತ್ತಿರಲಿಲ್ಲ. ಟ್ಯಾಪೆಟ್ ಅಳತೆ ಸರಿಗೂಡುವುದು ಯಾವಾಗಲೂ ಹೊತ್ತು ಇಳಿಯುವ ಹೊತ್ತಿಗೇ. ಕಾಕಾನ ಕೈ ಮೊಣಕೈತನಕ ಕರ್ರಗೆ, ತೊಳೆಯಲು ಕೂತರೆ ಸೂರ್ಯ ನಿಲ್ಲುವುದಿಲ್ಲ. ಆಗ ಆಯಿ ತಾಟು ಹಿಡಿದು ಕೋಣೆಗೇ ಬರುತ್ತಿದ್ದಳು. ಇಪ್ಪತ್ತೆಂಟರ ಮಗನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಜೋಳದ ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದಳು. ಅವನು ಎಂಜಿನ್ನಿನಿಂದ ಕಣ್ಣು ಕೀಳದೆ ಬಾಯಿ ತೆರೆಯುತ್ತಿದ್ದ. ಅವನಾದ ಮೇಲೆ ನನ್ನ ಪಾಳಿ. ನನ್ನ ಕೈಯೂ ಕರ್ರಗೇ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಏರಿದಂತೆ ಅವಳ ಕೈ ಬಿರುಸಾಗುತ್ತಿತ್ತು, ನುಂಗಲು ಬಿಡುವಿರುತ್ತಿರಲಿಲ್ಲ. ಇಂದಿಗೂ ನಾನು ಊಟವನ್ನು ಯಾರೋ ಬೆನ್ನಟ್ಟಿದ ಹಾಗೆ ಮುಗಿಸುತ್ತೇನೆ. ಗಂಡ ತಮಾಷೆ ಮಾಡುತ್ತಾರೆ. ಅವರಿಗೇನು ಗೊತ್ತು.

ಆಯಿಗೆ ಗಾಡಿಯ ಮೇಲೆ ಮೊದಲು ಇದ್ದದ್ದು ಬರೀ ಸಂಶಯ. ಅದು ಮಣ್ಣು ಕೆದರುತ್ತದೆ, ಮಣ್ಣಿನಲ್ಲಿ ಜೀವ ಇರುತ್ತವೆ. ಆದರೆ ಒಂದು ದಿನ ಕಾಕಾ ಏರ್ ಫಿಲ್ಟರ್ ಬಿಚ್ಚಿದ್ದನ್ನು ಅವಳು ನೋಡಿದಳು. ಸ್ಪಂಜಿನಂಥ ಟೊಪ್ಪಿಗೆ ಅದು. ಸೀಮೆಎಣ್ಣೆಯಲ್ಲಿ ತೊಳೆದು, ಸಾಬೂನಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಹಾಕಬೇಕು. ಏನಿದು ಅಂತ ಕೇಳಿದಳು. ಎಂಜಿನ್ನು ಗಾಳಿ ಎಳೆದುಕೊಳ್ಳುತ್ತದೆ, ಧೂಳು ಹುಳ ಒಳಗೆ ಹೋಗದಂತೆ ಇದು ತಡೆಯುತ್ತದೆ ಅಂದ ಕಾಕಾ.

"ಅಂದ್ರ ಗಾಳಿ ಸೋಸಿ ಕುಡೀತೈತಿ?"

"ಹೌದ್ ನೋಡು."

"ಹುಳಾ ಒಳಗ ಹೋಗೂದಿಲ್ಲ?"

"ಹೋದ್ರ ಎಂಜಿನ್ ಸಾಯ್ತೈತಿ, ಆಯಿ."

ಅವತ್ತಿನಿಂದ ಗಾಡಿ ಮನೆಯ ಮಂದಿಯಲ್ಲಿ ಒಂದಾಯಿತು. ಸೋಸುವುದು ಅಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಬಾವಿಯ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸದೆ ಹನಿ ಮುಟ್ಟುವಂತಿರಲಿಲ್ಲ. ಸೋಸಿದ ಮೇಲೆ ಕೆಲಸ ಮುಗಿಯಿತು ಅಂತಲ್ಲ; ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವ ಉಳಿದಿರುತ್ತವೆ, ಅವನ್ನು ಹಾಗೇ ಒಣಗಿಸಿ ಕೊಲ್ಲಬಾರದು. ಆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಎಲ್ಲಿಂದ ಬಂದವೋ ಅಲ್ಲಿಗೆ. ಆಯಿ ನನಗೆ ಅಕ್ಷರಕ್ಕಿಂತ ಮೊದಲು ಇದನ್ನು ಕಲಿಸಿದ್ದಳು.

ಇನ್ನು ಗಜುಮಾಮಾನ ಬಗ್ಗೆ ಹೇಳಬೇಕು, ಯಾಕೆಂದರೆ ನಾನು ಕೆಡಿಸಿದ್ದು ಬರೀ ಎಂಜಿನ್ನಲ್ಲ. ಗಜಾನನ ಕಾಕಾನ ಜೀವದ ಗೆಳೆಯ, ಇಚಲಕರಂಜಿಯವನು. ಐಟಿಐಯಲ್ಲಿ ಇಬ್ಬರದೂ ಒಂದೇ ಬೆಂಚು. ಮನೆತನದ ಹದಿನಾರು ಪವರ್‌ಲೂಮುಗಳ ಶೆಡ್ಡನ್ನು ಅವನು ನೋಡಿಕೊಳ್ಳುತ್ತಿದ್ದ. ಆ ಮಗ್ಗಗಳ ಗದ್ದಲಕ್ಕೆ ಎಡಗಿವಿ ಮೂವತ್ತು ತುಂಬುವ ಮೊದಲೇ ಅರ್ಧ ಹೋಗಿತ್ತು. ಉಳಿದ ಒಂದೂವರೆ ಕಿವಿ ಇರುವಾಗಲೇ ಶೆಡ್ಡು ಬಿಟ್ಟು ಗ್ಯಾರೇಜು ಹಾಕಬೇಕು ಅನ್ನುವುದು ಅವನ ಆಸೆ. ಕಿವಿ ಹೋದವನಿಗೂ ಎಂಜಿನ್ನಿನ ಸದ್ದು ಮಾತ್ರ ಸ್ಪಷ್ಟ ಕೇಳುತ್ತಿತ್ತು. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಹಲ್ಲಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಕೊಲ್ಹಾಪುರದ ಉದ್ಯಮನಗರದಲ್ಲಿ ಐದು ಅಂಗಡಿಯವರು ಅವನಿಗೆ ಎಂಜಿನ್ ಜೋಡಿಸುವ ಕೆಲಸ ಕಳಿಸಲು ಶುರು ಮಾಡಿದ್ದರು. ನಮ್ಮ ಗಾಡಿಗೆ ಹೊಸ ಪಿಸ್ಟನ್ ಕೂಡಿಸಿದವನೂ ಅವನೇ, ತನ್ನ ಶೆಡ್ಡಿನ ಮೂಲೆಯಲ್ಲಿ, ಹತ್ತಿಯ ಧೂಳು ಬೀಳದಂತೆ ಮೇಲೆ ಸೀರೆಯ ಚಪ್ಪರ ಕಟ್ಟಿಕೊಂಡು.

ಕಾಕಾನ ಮೊದಲ ಪಂದ್ಯ ಮಳೆಗಾಲಕ್ಕೆ ಮುಂಚೆ, ಕೊಲ್ಹಾಪುರದ ಹೊರಗೆ. ಹಿಂದಿನ ದಿನ ಹಳೆ ಎಣ್ಣೆ ಇಳಿಸಿದ್ದಾಗಿತ್ತು. ಹೊಸದು ಹಾಕುವಷ್ಟರಲ್ಲಿ ಟೆಂಪೋದವನು ಬಂದ ಅಂತ ಕಾಕಾ ಎದ್ದ.

"ಪದ್ದಿ, ನೀ ಹಾಕಿಬಿಡು. ಗುರ್ತಿನ ತನಕ. ಬುಚ್ಚ ಮರೀಬ್ಯಾಡ."

ಹೆಮ್ಮೆಯಿಂದ ಕೈಗಳನ್ನು ಎರಡು ಸಲ ಒರೆಸಿಕೊಂಡೆ. ಲಾಳಿಕೆ ಇಟ್ಟೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಎಣ್ಣೆಯ ಮೇಲೆ ಒಂದು ಸಣ್ಣ ರೆಕ್ಕೆಹುಳ ಕಾಲಾಡಿಸುತ್ತಿತ್ತು. ಹುಳ ಒಳಗೆ ಹೋದರೆ ಎಂಜಿನ್ ಸಾಯುತ್ತದೆ, ಕಾಕಾನೇ ಹೇಳಿದ್ದು. ಹುಳವೂ ಸಾಯುತ್ತದೆ, ಅದು ಆಯಿಯ ಲೆಕ್ಕ. ಗಾಡಿ ಗಾಳಿಯನ್ನು ಸೋಸಿ ಕುಡಿಯುವುದಾದರೆ ಎಣ್ಣೆಯನ್ನು ಸೋಸದೆ ಯಾಕೆ ಕುಡಿಯಬೇಕು? ಹಿತ್ತಿಲಿಗೆ ಓಡಿ, ಸವೆದು ಪಕ್ಕಕ್ಕಿಟ್ಟಿದ್ದ ಹಳೆ ನೀರಿನ ಬಟ್ಟೆ ತಂದೆ. ಎರಡು ಮಡಿಕೆ ಮಾಡಿ ಲಾಳಿಕೆಗೆ ಹಾಸಿ ಎಣ್ಣೆ ಹೊಯ್ದೆ. ಎಣ್ಣೆ ನೀರಿನಂತೆ ಇಳಿಯುವುದಿಲ್ಲ ಅನ್ನುವುದು ಆಗ ತಿಳಿಯಿತು. ಕಾದೆ. ಹೊರಗೆ ಟೆಂಪೋದವನು ಹಾರ್ನ್ ಹೊಡೆದ. ಬಟ್ಟೆಯನ್ನು ತಿರುಚಿ ಹಿಂಡಿದೆ. ಮುಕ್ಕಾಲು ಎಣ್ಣೆ ಇಳಿದ ಮೇಲೆ ಕಲಿತ ಪಾಠ ನೆನಪಾಯಿತು: ಎಲ್ಲಿಂದ ಬಂದವೋ ಅಲ್ಲಿಗೆ. ಬಟ್ಟೆಯನ್ನು ತಿರುವಿ ಡಬ್ಬಿಯಲ್ಲಿ ಉಳಿದ ಎಣ್ಣೆಯಲ್ಲಿ ಜಾಲಿಸಿದೆ, ಚೆನ್ನಾಗಿ, ಒಂದು ಜೀವವೂ ಉಳಿಯದ ಹಾಗೆ. ರೆಕ್ಕೆಹುಳವನ್ನು ಕಡ್ಡಿಯಿಂದ ಎತ್ತಿ ತುಳಸಿಕಟ್ಟೆಯ ನೆರಳಿಗೆ ಬಿಟ್ಟೆ. ಬಂದು ನೋಡಿದರೆ ಎಂಜಿನ್ನಿನಲ್ಲಿ ಎಣ್ಣೆ ಗುರುತಿಗೆ ಮುಟ್ಟಿರಲಿಲ್ಲ. ಕಾಕಾ ಹೊರಗಿನಿಂದ ಕೂಗಿದ. ಡಬ್ಬಿಯಲ್ಲಿದ್ದ ಉಳಿದದ್ದನ್ನು ಹಾಗೇ ಹೊಯ್ದುಬಿಟ್ಟೆ.

ಎಣ್ಣೆ ಹಾಕುವ ಬಾಯಿಯ ಬುಚ್ಚು ಮಾತ್ರ ಮೂರು ಸಲ ಬಿಗಿ ನೋಡಿದೆ.

ಬಟ್ಟೆಯನ್ನು ಮಡಚಿ ಇಡುವಾಗ ಅದರ ಒಂದು ಮೂಲೆ ಇರಲಿಲ್ಲ. ನಾಲ್ಕು ಬೆರಳಿನಷ್ಟು. ಮೊದಲೇ ಹರಿದಿತ್ತೋ? ಅಂಗಳ ಹುಡುಕಿದೆ, ಲಾಳಿಕೆ ನೋಡಿದೆ, ಡಬ್ಬಿ ಅಲ್ಲಾಡಿಸಿದೆ. ಹುಡುಕುವಾಗಲೇ ಗಾಡಿಯನ್ನು ಟೆಂಪೋಕ್ಕೆ ಏರಿಸಿ ಹಗ್ಗ ಕಟ್ಟಿಯಾಗಿತ್ತು. ಜಗತ್ತಿನ ಎಲ್ಲ ಸಣ್ಣ ವಿಷಯಕ್ಕೂ ಬಾಯಿ ಬಿಟ್ಟು ಮನೆಯವರ ತಲೆ ತಿನ್ನುತ್ತಿದ್ದ ನಾನು, ನಿಜವಾಗಿ ಚಿಂತೆ ಮಾಡಬೇಕಾದ ಒಂದೇ ಒಂದು ವಿಷಯಕ್ಕೆ ಸುಮ್ಮನಿದ್ದೆ.

ಟೆಂಪೋದಲ್ಲಿ ನಾನೂ ಹೋಗಿದ್ದೆ. ಪಂದ್ಯದ ಮೂರನೆಯ ಸುತ್ತಿನಲ್ಲಿ ಕಾಕಾ ಎಲ್ಲಕ್ಕಿಂತ ಎತ್ತರದ ದಿಬ್ಬದಿಂದ ಹಾರಿದ. ಗಾಳಿಯಲ್ಲಿದ್ದಾಗಲೇ ಗಾಡಿಯ ಸದ್ದು ಬದಲಾಯಿತು, ಕಬ್ಬಿಣವನ್ನು ಕಬ್ಬಿಣ ಕಡಿದ ಹಾಗೆ. ನೆಲಕ್ಕೆ ಮುಟ್ಟಿದಾಗ ಹಿಂದಿನ ಚಕ್ರ ತಿರುಗಲಿಲ್ಲ. ಕಾಕಾ ಮುಂದೆ ಹೋಗಿ ಬಿದ್ದ, ಗಾಡಿ ಅವನ ಮೇಲೆ. ಭುಜದ ಎಲುಬು ಮುರಿಯಿತು. ಟೆಂಪೋದಲ್ಲಿ ಬರುವಾಗ ಅವನು ನೋವಿಗೆ ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳುತ್ತಿದ್ದ: "ಎಣ್ಣಿ ಮ್ಯಾಲ ಏರಿಲ್ಲ. ಎಣ್ಣಿ ಯಾಕ ಏರಲಿಲ್ಲ?"

ವಾರದ ಮೇಲೆ ಅವನು ಒಂದು ಕೈ ಕುತ್ತಿಗೆಗೆ ಕಟ್ಟಿಕೊಂಡು ಕೋಣೆಯಲ್ಲಿ ಕೂತ, ಅವನು ಹೇಳಿದಂತೆ ನಾನು ಬಿಚ್ಚಿದೆ. ಎಂಜಿನ್ನಿನ ತಳದಲ್ಲಿ ಎಣ್ಣೆ ಹೀರುವ ಬಾಯಿಗೆ ಒಂದು ಸಣ್ಣ ಜಾಳಿಗೆ ಇರುತ್ತದೆ. ಅದನ್ನು ಹೊರಗೆ ಎಳೆದವಳು ನಾನೇ. ಜಾಳಿಗೆ ಕಾಣುತ್ತಿರಲಿಲ್ಲ. ಅದರ ತುಂಬ ಕರ್ರಗೆ ತೋಯ್ದ ನೂಲು, ಎಳೆ, ಹಿಂಜು. ಕಾಕಾ ಅದನ್ನು ಬೆರಳಲ್ಲಿ ಹಿಂಜಿ ನೋಡಿದ. ನನ್ನ ಬಾಯಿಯಲ್ಲಿ ಮಾತು ತಯಾರಾಗಿತ್ತು, ದೇವರಾಣೆ, ತಯಾರಾಗಿತ್ತು. ಅಷ್ಟರಲ್ಲಿ ಅವನೇ ಅಂದ:

"ಹತ್ತಿ! ಶೆಡ್ಡಿನ ಹತ್ತಿ. ಗಜ್ಯಾ, ನನ್ನ ಕೊಂದಿ ಬಿಡಲೇ!"

ಅಂಗಡಿಯ ಫೋನಿನಿಂದ ಇಚಲಕರಂಜಿಗೆ ಮಾಡಿದ ಫೋನು ಬೀದಿಗೆಲ್ಲ ಕೇಳಿಸಿತು. "ಮಗ್ಗದಾಗ ಹುಟ್ಟಿದಾಂವ ಮಗ್ಗದಾಗ ಇರಬೇಕ್ರಿ, ಎಂಜಿನ್ ಮುಟ್ಟಬಾರದು" ಅಂದ. ಗೆಳೆಯನಿಗೆ 'ರೀ' ಹಚ್ಚಿದ್ದು ಅದೇ ಮೊದಲು. ಬೈಗುಳಕ್ಕಿಂತ ಅದು ಹೆಚ್ಚು ತಾಗಿರಬೇಕು. ಅಷ್ಟಕ್ಕೇ ನಿಲ್ಲಲಿಲ್ಲ. ಸಿಲಿಂಡರ್ ಹೆಡ್ ದುರಸ್ತಿಗೆಂದು ಕೊಲ್ಹಾಪುರಕ್ಕೆ ಹೋದವನು, ಗಜುಮಾಮಾನಿಗೆ ಕೆಲಸ ಕಳಿಸುತ್ತಿದ್ದ ಐದೂ ಅಂಗಡಿಗಳಲ್ಲಿ ಆ ಹಿಂಜನ್ನು ಕಾಗದದಲ್ಲಿ ಸುತ್ತಿಕೊಂಡು ತೋರಿಸಿ ಬಂದ.

ಮಳೆ ಶುರುವಾಯಿತು. ನಾನು ದಿನಾ ಹೇಳಬೇಕು ಅಂದುಕೊಂಡೆ. ಸೋಮವಾರ ಕಾಕಾನಿಗೆ ಭುಜ ನೋವು, ಬೇಡ. ಮಂಗಳವಾರ ಅವನು ಖುಷಿಯಲ್ಲಿದ್ದಾನೆ, ಯಾಕೆ ಕೆಡಿಸುವುದು. ಬುಧವಾರ ಅಪ್ಪ ಪಕ್ಕದಲ್ಲೇ ಇದ್ದಾನೆ. ಹೀಗೆ ವಾರಗಳನ್ನು ದಾಟಿದೆ. ಒಬ್ಬಳೇ ಇದ್ದಾಗ ಮೆಣಸಿನಕಾಯಿ ಕೋಣೆಗೆ ಹೋಗಿ, ಬಿಚ್ಚಿಟ್ಟ ಎಂಜಿನ್ನಿಗೆ ಎಲ್ಲ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಘಾಟಿಗೆ ಕಣ್ಣೀರು ತಾನಾಗಿ ಬರುತ್ತಿತ್ತು, ಅದು ಪಶ್ಚಾತ್ತಾಪದ್ದೇ ಅಂತ ನಂಬಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ, ದಿನಕ್ಕೊಂದು ಗುಣದ ಪೂಜೆ. ಸತ್ಯದ ದಿನ ನನಗೆ ಜ್ವರ ಬಂದಿತು. ನಿಜವಾದ ಜ್ವರ, ಆಯಿ ಮುಟ್ಟಿ ನೋಡಿದ್ದಳು.

ಪರ್ವ ಮುಗಿದ ಮೇಲೆ ಕ್ಷಮೆಯ ದಿನ. ಅವತ್ತು ದೊಡ್ಡವರು ಸಣ್ಣವರು ಎನ್ನದೆ ಎಲ್ಲರೂ ಎಲ್ಲರಿಗೂ ಕೈ ಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳಬೇಕು. ನಾನು ಇದಕ್ಕಾಗಿಯೇ ಕಾದಿದ್ದೆ. ಬೆಳಿಗ್ಗೆ ಎದ್ದವಳೇ ಕಾಕಾನ ಮುಂದೆ ನಿಂತು, 'ತಿಳಿದೋ' ಎಂಬಲ್ಲಿ ಸ್ವಲ್ಪ ಒತ್ತಿ, ಪೂರಾ ಹೇಳಿದೆ.

"ಹೋಗ ಹೋಗ. ನಿಂದೇನ ತಪ್ಪ ಇರ್ತೈತಿ? ನಂದು ಇದ್ರ ಕ್ಷಮಾ ಮಾಡು" ಎಂದು ಕಾಕಾ ತಲೆ ಸವರಿದ.

ಮುಗಿಯಿತು. ಶಾಸ್ತ್ರದ ಪ್ರಕಾರ ನನ್ನ ಪಾಪ ತೀರಿತ್ತು. ನನ್ನ ಚಿಂತೆ ಮಾತ್ರ ಶಾಸ್ತ್ರ ಓದಿರಲಿಲ್ಲ. ಸಗಟಾಗಿ ಸಿಕ್ಕ ಕ್ಷಮೆ ಚಿಲ್ಲರೆ ತಪ್ಪಿಗೆ ನಡೆಯುವುದಿಲ್ಲ ಅನ್ನುವುದು ವ್ಯಾಪಾರಿಯ ಮಗಳಾದ ನನಗೆ ಅವತ್ತು ತಿಳಿಯಿತು. ಮಧ್ಯಾಹ್ನ ಕಾಕಾ ಊರೆಲ್ಲ ತಿರುಗಿ ಕ್ಷಮೆ ಕೇಳಿ ಬಂದು ನೀರು ಕುಡಿಯುತ್ತಿದ್ದ. ಆಯಿ ಕೇಳಿದಳು:

"ಎಲ್ಲಾರ ಮನಿಗೂ ಹೋಗಿ ಬಂದಿ?"

"ಹೂಂ. ನಲವತ್ತ ಮನಿ."

"ಗಜು ಕಡೆ?"

ಕಾಕಾ ತಂಬಿಗೆ ಕೆಳಗಿಟ್ಟ. "ಅಂವ ಏನ ನಮ್ಮ ಪೈಕಿ ಏನ ಆಯಿ? ಅವಗ ಈ ಹಬ್ಬ ಎಲ್ಲೈತಿ?"

"ಹಬ್ಬ ಅವಂದಲ್ಲ, ನಿಂದೈತಿ. ಜಗಳಾ ಆಡಲಾರದವ್ರ ಮನಿಗೆ ಹೋಗಿ ನಲವತ್ತ ಸಲ ಕೈ ಮುಗದ ಬಂದಿ. ಅದಕ್ಕ ದಂ ಬೇಕಾಗೂದಿಲ್ಲ."

"ತಪ್ಪ ಮಾಡಿದಾಂವ ಅಂವ! ಹತ್ತಿ ಬಿಟ್ಟಾಂವ ಅಂವ! ನಾ ಯಾಕ..."

"ಹತ್ತಿ ನಾ ಹಾಕೇನಿ" ಎಂದೆ ನಾನು.

ತಯಾರು ಮಾಡಿಕೊಂಡ ಮಾತುಗಳಲ್ಲಿ ಒಂದೂ ಬರಲಿಲ್ಲ. ಹುಳ, ಬಟ್ಟೆ, ಡಬ್ಬಿ, ಜಾಲಿಸಿದ್ದು, ಮೂಲೆ, ಎಲ್ಲ ಹಿಂದುಮುಂದಾಗಿ, ಬಿಕ್ಕಳಿಕೆಯ ನಡುವೆ. ಮುಗಿಯುವ ಹೊತ್ತಿಗೆ ಅವ್ವ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮೊದಲು ಕೇಳಿದವಳು ಆಯಿ:

"ಹುಳಾ ಉಳೀತ?"

ಕಾಕಾ ಹೊಡೆಯಲಿಲ್ಲ. ಹೊಡೆಯುತ್ತಾನೆ ಅಂತ ನಾನು ಒಂದು ಕಣ್ಣು ಮುಚ್ಚಿಕೊಂಡೇ ನಿಂತಿದ್ದೆ. ಅವನು ಗೋಡೆ ನೋಡುತ್ತ ತನಗೆ ತಾನೇ ಅಂದ, "ನಾ ಅವಗ ಒಂದ ಮಾತ ಕೇಳ್ಲಿಲ್ಲ. ಒಂದ ಮಾತ." ಆಮೇಲೆ ನನ್ನ ಕಡೆ ತಿರುಗಿದ. "ನಾಳೆ ಸಾಲಿ ಬಿಡು. ಇಚಲಕರಂಜಿಗೆ ಹೋಗೂಣು."

ಎಸ್‌ಟಿ ಬಸ್ಸಿನಲ್ಲಿ ನಿಪ್ಪಾಣಿ ದಾಟಿ ಹೋದೆವು. ಗಜುಮಾಮಾನ ಶೆಡ್ಡಿಗೆ ನಾನು ಮೊದಲ ಸಲ ಹೋದದ್ದು ಅವತ್ತು. ಹದಿನಾರು ಮಗ್ಗ ಒಟ್ಟಿಗೆ ಬಡಿಯುವ ಸದ್ದು ಕಿವಿಯಿಂದಲ್ಲ, ಪಕ್ಕೆಲುಬಿನಿಂದ ಒಳಗೆ ಬರುತ್ತದೆ. ಗಜುಮಾಮಾ ನಮ್ಮನ್ನು ನೋಡಿದ, ನೋಡದವನ ಹಾಗೆ ಹರಿದ ಎಳೆಗೆ ಗಂಟು ಹಾಕುತ್ತ ನಿಂತ. ಎಂಜಿನ್ ಕೆಲಸದ ಮೂಲೆಯಲ್ಲಿ ಈಗ ನೂಲಿನ ಪೆಟ್ಟಿಗೆಗಳು. ಕಾಕಾ ಹತ್ತಿರ ಹೋಗಿ ಏನೋ ಹೇಳಿದ. ಗಜುಮಾಮಾ ಕಿವಿಗೆ ಕೈ ಹಚ್ಚಿದ. ಕಾಕಾ ಜೋರಾಗಿ ಹೇಳಿದ. ಗಜುಮಾಮಾ ಕಿವಿಗೆ ಕೈ ಹಚ್ಚಿದ, ಅದೂ ಎಡಗಿವಿಗೆ. ಮೂರನೆಯ ಸಲ ಕಾಕಾ ಕತ್ತಿನ ನರ ಉಬ್ಬಿಸಿ "ತಪ್ಪಾತೋ!" ಎಂದು ಚೀರಿದ್ದು ನನಗೇ ಕೇಳಿಸಿತು. ಆಗ ಗಜುಮಾಮಾ ಹೋಗಿ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ. ಅವಸರ ಮಾಡಲಿಲ್ಲ. ಹದಿನಾರನೆಯದು ನಿಂತಾಗ ಆ ಮೌನ ತಲೆಯ ಮೇಲೆ ಬಿದ್ದ ಹಾಗಾಯಿತು. ಕೆಲಸದ ಹೆಂಗಸರು ಇಬ್ಬರು ತಿರುಗಿ ನೋಡಿದರು.

"ಈಗ ಹೇಳು" ಎಂದ.

ಕಾಕಾ ನನ್ನನ್ನು ಮುಂದೆ ತಳ್ಳಿದ. ಹೇಳಿದೆ. ಎರಡನೆಯ ಸಲವಾದ್ದರಿಂದ ಸ್ವಲ್ಪ ಸರಿಯಾಗಿ ಬಂತು. ಗಜುಮಾಮಾ ಪೂರಾ ಕೇಳಿ ನನ್ನ ಮುಂದೆ ಕೂತ.

"ಎಣ್ಣಿ ಸೋಸಿದಿ?"

"ಹೌದ್ರಿ ಮಾಮಾ."

"ಎರಡ ಮಡಿಕಿ ಮಾಡಿ?"

"ಹೌದ್ರಿ."

ಅವನ ಮೀಸೆ ಅಲುಗಿತು. ಕಾಕಾನನ್ನು ನೋಡಿದ ಕೂಡಲೇ ನಿಂತಿತು. "ಹುಡಿಗಿಗೆ ಏನೂ ಅನ್ನೂದಿಲ್ಲ ನಾ. ಭರಮ್ಯಾ, ನಿನಗ ಹೇಳ್ತೇನಿ. ನಾ ಮ್ಯಾಲ ಸೀರಿ ಕಟ್ಟಿ ಜೋಡಿಸಿದ್ದು ನೀ ನೋಡಿದ್ದಿ. ಎದುರಿಗೆ ಕುಂತ ನೋಡಿದ್ದಿ. ನನಗ ಗೊತ್ತಿತ್ತು ಅದು ನಂದಲ್ಲ ಅಂತ. ನನ್ನ ಮುಂದ ಬಂದು ತಪ್ಪಾತು ಅಂದ್ರ ನನಗೇನ ಹೊಸಾದು ಸಿಕ್ತು?"

"ಮತ್ತೇನ ಮಾಡ್ಲಿ ಹೇಳು."

"ಯಾರ ಯಾರ ಮುಂದ ಹೇಳಿ ಬಂದೀಯೋ ಅವರ ಮುಂದ ಹೋಗಿ ಹೇಳು. ಐದೂ ದುಕಾನ. ನಾಲ್ಕ ತಿಂಗಳಾತು, ಒಂದ ಎಂಜಿನ್ ಬಂದಿಲ್ಲ ನನ್ನ ಕಡೆ."

ಹೀಗೆ ಮರುದಿನ ಕೊಲ್ಹಾಪುರ. ಉದ್ಯಮನಗರದ ಓಣಿಗಳಲ್ಲಿ ಲೇಥಿನ ಕಿಡಿ, ಎರಕದ ಮಣ್ಣಿನ ವಾಸನೆ. ಮೊದಲ ಅಂಗಡಿಯಲ್ಲಿ ನನ್ನ ಮರಾಠಿ ನಡುಗಿತು. ಮಾಲಕ ಪೂರ್ತಿ ಕೇಳಿ, "ಅರೆರೆ, ಗಜಾ ಬಿಚಾರಾ!" ಎಂದು ಹಣೆ ಬಡಿದುಕೊಂಡ, ಪಾಪ ಗಜು, ಅವನನ್ನು ಸುಮ್ಮನೆ ದೂರ ಇಟ್ಟೆವಲ್ಲ ಅಂದ. ಎರಡನೆಯ ಅಂಗಡಿಯಲ್ಲಿ ನಡುಕ ಕಡಿಮೆಯಾಯಿತು. ಹುಳದ ವಿಷಯ ಬಂದಾಗ ಕೆಲಸದವರು ನಕ್ಕರು, ಹಾಗಾಗಿ ಮೂರನೆಯದರಲ್ಲಿ ಹುಳದ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಿದೆ. ಅದರ ರೆಕ್ಕೆ ಹೇಗಿತ್ತು, ಕಾಲು ಹೇಗೆ ಆಡಿಸುತ್ತಿತ್ತು. ಎಲ್ಲಿ ತಡೆದರೆ ಜನ ಮುಂದೆ ಬಾಗುತ್ತಾರೆ ಅನ್ನುವುದು ನಾಲ್ಕನೆಯದರಲ್ಲಿ ಗೊತ್ತಾಯಿತು. 'ಎಲ್ಲಿಂದ ಬಂದವೋ ಅಲ್ಲಿಗೆ' ಎಂಬಲ್ಲಿ ಒಂದು ಉಸಿರು ನಿಲ್ಲಿಸಿದೆ. ಕಾಕಾ ಬೆನ್ನ ಹಿಂದೆ ಚಿವುಟಿದ. ನಾಲ್ಕನೆಯ ಅಂಗಡಿಯವರು ನನಗೆ ಚಹಾ ತರಿಸಿದರು, ಒಂದು ಎಂಜಿನ್ನನ್ನು ಅವತ್ತೇ ಗಜುಮಾಮಾನಿಗೆ ಕಳಿಸುತ್ತೇವೆ ಅಂದರು. ಹೊರಗೆ ಬರುವಾಗ ನನಗೆ ಒಂದು ವಿಚಿತ್ರ ಸುಖವಾಗುತ್ತಿತ್ತು. ನಾನು ತಪ್ಪು ಒಪ್ಪಿಕೊಳ್ಳಲು ಬಂದವಳು ಅನ್ನುವುದು ಮರೆತೇ ಹೋಗಿತ್ತು.

ಐದನೆಯದು ಓಣಿಯ ಕೊನೆಯಲ್ಲಿ, ಸಿಲಿಂಡರ್ ಬೋರಿಂಗ್ ಮಾಡುವ ಒಬ್ಬ ವಯಸ್ಸಾದ ಮನುಷ್ಯನದು. ಎಲ್ಲರಿಗಿಂತ ಹೆಚ್ಚು ಕೆಲಸ ಇದ್ದದ್ದು ಅವನ ಕಡೆಯೇ. ಅವನು ಹೂಂ ಅಂದರೆ ಗಜುಮಾಮಾನ ಗ್ಯಾರೇಜು ಎದ್ದಿತು ಅಂತಲೇ ಲೆಕ್ಕ ಎಂದು ಕಾಕಾ ದಾರಿಯಲ್ಲಿ ಹೇಳಿದ್ದ. ಅದಕ್ಕೇ ನಾನು ಅಲ್ಲಿ ನನ್ನ ಎಲ್ಲ ಶಕ್ತಿ ಹಾಕಿದೆ. ಹುಳ, ಹಾರ್ನ್, ಹಿಂಡಿದ್ದು, ಜಾಲಿಸಿದ್ದು, ಮೂಲೆ. ಒಂದು ಪದ ತಪ್ಪಲಿಲ್ಲ, ಎಲ್ಲಿಯೂ ಎಡವಲಿಲ್ಲ. ಕೊನೆಯಲ್ಲಿ ಕಣ್ಣಲ್ಲಿ ನೀರು ಕೂಡ ಸರಿಯಾದ ಹೊತ್ತಿಗೆ ಬಂತು. ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡ. ನನ್ನನ್ನು ನೋಡಲಿಲ್ಲ, ಕಾಕಾನನ್ನು ನೋಡಿದ.

"ಛಾನ್ ಶಿಕವಲಂಯ್ ಪೋರೀಲಾ" ಎಂದ. ಹುಡುಗಿಗೆ ಚೆನ್ನಾಗಿ ಕಲಿಸಿದ್ದೀಯಪ್ಪ.

ಕಾಕಾ ಇಲ್ಲ ಇಲ್ಲ ಅಂದ, ಬಸದಿಯ ಆಣೆ ಹಾಕಿದ, ಭುಜ ತೋರಿಸಿದ. ಆ ಮನುಷ್ಯ ಸಿಟ್ಟೇನೂ ಆಗಲಿಲ್ಲ, ಮೆಚ್ಚಿದವನ ಹಾಗೇ ಮಾತಾಡಿದ. ಗೆಳೆಯನನ್ನು ಉಳಿಸಿಕೊಳ್ಳಲು ಇಷ್ಟು ಮಾಡುವವರು ಈಗ ಎಲ್ಲಿದ್ದಾರೆ, ಬಹಳ ದೊಡ್ಡ ಮನಸ್ಸು, ಆದರೆ ಸಣ್ಣ ಮಗುವಿನ ಬಾಯಿಯಿಂದ ಸುಳ್ಳು ಹೇಳಿಸಬಾರದಿತ್ತು ಅಂದ. ನಾನು "ಸುಳ್ಳಲ್ಲ" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅದೇ ಪದಗಳು ಅದೇ ಸಾಲಿನಲ್ಲಿ ಬಂದವು, ಅದೇ ಜಾಗದಲ್ಲಿ ಉಸಿರು ನಿಂತಿತು. ಅವನು ನಕ್ಕು ಲೇಥಿನ ಗುಂಡಿ ಒತ್ತಿದ.

ಗಜುಮಾಮಾ ಆಮೇಲೆ ಬಂದ, ನಮ್ಮ ಎಂಜಿನ್ನನ್ನು ಮೆಣಸಿನಕಾಯಿ ಕೋಣೆಯಲ್ಲೇ ಸೀನುತ್ತ ಜೋಡಿಸಿಕೊಟ್ಟ. ಕಾಕಾ ಇನ್ನೂ ಎರಡು ವರ್ಷ ಆ ಗಾಡಿ ಹಾರಿಸಿದ. ನಾಲ್ಕು ಅಂಗಡಿಗಳ ಕೆಲಸ ಮರಳಿ ಬಂತು, ಐದನೆಯದು ಬರಲಿಲ್ಲ. ನಾಲ್ಕರ ಮೇಲೆ ಗ್ಯಾರೇಜು ನಿಲ್ಲಲಿಲ್ಲ. ಗಜುಮಾಮಾ ಶೆಡ್ಡಿನಲ್ಲೇ ಉಳಿದ, ಇನ್ನೊಂದು ಕಿವಿಯೂ ಹೋಯಿತು. ಅವನು ಇದನ್ನು ಎಂದೂ ಎತ್ತಿ ಆಡಲಿಲ್ಲ. ಮದುವೆಯ ಮೇಲೆ ನಾನು ಕೊಲ್ಹಾಪುರಕ್ಕೇ ಬಂದೆ. ಕೆಲಸಕ್ಕೆ ಹೋಗುವ ದಾರಿ ಆ ಓಣಿಯ ಬಾಯಿಯಿಂದಲೇ ಹಾಯುತ್ತದೆ. ಆ ಹಿರಿಯ ತೀರಿಕೊಂಡು ಬಹಳ ವರ್ಷವಾಯಿತು, ಮಗ ಕೂತಿರುತ್ತಾನೆ. ಅವನಿಗೆ ಈ ಯಾವುದೂ ತಿಳಿದಿರಲಾರದು. ಆದರೂ ವಾರಕ್ಕೊಮ್ಮೆಯಾದರೂ ಸ್ಕೂಟರು ಅಲ್ಲಿ ತಾನಾಗಿ ನಿಧಾನವಾಗುತ್ತದೆ. ಇಳಿದು ಒಳಗೆ ಹೋಗಿ ಇನ್ನೊಮ್ಮೆ ಹೇಳಬೇಕು ಅನ್ನಿಸುತ್ತದೆ, ಈ ಸಲ ತೊದಲುತ್ತ, ಹಿಂದುಮುಂದಾಗಿ, ನಡುನಡುವೆ ಮರೆತು, ಯಾರಾದರೂ ನಂಬುವ ಹಾಗೆ.